ಕಮಾನಿನ ಎಡಗಡೆ

ಟೈಲರಮ್ಮನ ಬೈಬಲಿಗೆ ಬಾಲಗಳಿದ್ದವು. ಬೇರೆಯವರ ಬೈಬಲಿನಲ್ಲಿ ಒಂದು ರಿಬ್ಬನ್ ಇದ್ದರೆ ಹೆಚ್ಚು. ಇವಳದರಲ್ಲಿ ನೂಲೇ ನೂಲು. ಬೆಂಕಿ, ದಂಡನೆ, ಹಲ್ಲು ಕಡಿಯುವ ಮಾತು ಬಂದ ಪುಟಕ್ಕೆ ಕೆಂಪು ನೂಲು. ಕರುಣೆಯ ಮಾತು ಬಂದ ಪುಟಕ್ಕೆ ಬಿಳಿ ನೂಲು. ಭಾನುವಾರ ಅದನ್ನು ಕಂಕುಳಲ್ಲಿಟ್ಟು ಹೊರಟಳೆಂದರೆ ನೂಲುಗಳೆಲ್ಲ ಗಾಳಿಗೆ ಹಾರಾಡುತ್ತಿದ್ದವು. "ಪುಸ್ತಕಕ್ಕೂ ಜಾಲರಿ ಹೊಲಿದುಬಿಟ್ಯಲ್ಲೇ!" ಎಂದು ಗಂಡ ಚುಡಾಯಿಸುತ್ತಿದ್ದ. ಈಗ ಚುಡಾಯಿಸುವವನಿಲ್ಲ. ಅವನು ಸತ್ತ ಮೇಲೆ ನೂಲು ಇನ್ನಷ್ಟು ಹೆಚ್ಚಾಗಿತ್ತು, ಅದರಲ್ಲೂ ಕೆಂಪು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ: ನನ್ನ ಗಂಡ ಈಗ ಎಲ್ಲಿದ್ದಾನೆ?

ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು ಎಡಚ ಎಂದು. ಬೋರ್ಡು ಬರೆಯುವ ಪೇಂಟರ್. ಮೊದಲು ಇಡೀ ಸಾಲಿನ ಅಕ್ಷರಗಳನ್ನು ಬರೀ ಗೆರೆಯಲ್ಲಿ ಬರೆದುಕೊಳ್ಳುತ್ತಿದ್ದ. ಅದು ಎಲ್ಲ ಪೇಂಟರುಗಳೂ ಮಾಡುವ ಕೆಲಸವೇ. ಬಣ್ಣ ತುಂಬುವಾಗ ಮಾತ್ರ ಬೇರೆಯವರು ಎಡದಿಂದ ಶುರು ಮಾಡಿದರೆ ಇವನು ಬಲತುದಿಯಿಂದ ಹಿಂದೆ ಹಿಂದೆ ಬರುತ್ತಿದ್ದ. ಇಲ್ಲದಿದ್ದರೆ ಅವನ ಎಡಗೈಯೇ ಹಸಿ ಬಣ್ಣವನ್ನು ಒರೆಸಿಕೊಂಡು ಹೋಗುತ್ತಿತ್ತು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಜನ ನಗುತ್ತಿದ್ದರು. ಅರ್ಧ ಮುಗಿದ ಬೋರ್ಡು ನೋಡಿ ಅಂಗಡಿಯವರಿಗೆ ಗಾಬರಿ. "ಏನಯ್ಯಾ ಇದು, ಬರೀ 'ಮಾರುವವರು' ಅಂತಿದೆ? ಏನು ಮಾರ್ತೀವಿ ಅಂತ ಬೇಡ್ವಾ?" ಎಂದರೆ, "ಊಟ ಮಾಡ್ಕೊಂಡ್ ಬನ್ನಿ, ಅಷ್ಟೊತ್ತಿಗೆ ಗೊತ್ತಾಗುತ್ತೆ" ಎಂದು ಏಣಿಯ ಮೇಲಿಂದಲೇ ಹೇಳುತ್ತಿದ್ದ. ಅಂಥ ನಾಲಿಗೆ ಅವನದು.

ಆ ನಾಲಿಗೆಗಿಂತ ಆ ಕೈಯೇ ಅವನನ್ನು ಸಿಕ್ಕಿಸಿಹಾಕಿದ್ದು. ಚರ್ಚಿಗೂ ಅದರ ಹಿಂದಿನ ಸ್ಮಶಾನಕ್ಕೂ ಇರುವುದು ಒಂದೇ ಗೇಟು, ಗೇಟಿನ ಮೇಲೆ ಒಂದು ತಗ್ಗು ಕಮಾನು. ಆಗಿದ್ದ ಹಳೇ ಪಾದ್ರಿಗೆ ಮೂಗಿನ ತುದಿಯಲ್ಲೇ ಕೋಪ. ಬಂದುಹೋಗುವವರೆಲ್ಲ ನೋಡಿ ನಡುಗಲಿ ಎಂದು ಒಂದು ವಾಕ್ಯ ಆರಿಸಿಕೊಟ್ಟರು: ಅವರು ನಿತ್ಯ ದಂಡನೆಗೆ, ನೀತಿವಂತರು ನಿತ್ಯ ಜೀವಕ್ಕೆ ಹೋಗುವರು. ಎಡಚ ಮೊದಲ ದಿನ ಪೂರ್ತಿ ಸಾಲಿಗೆ ಗೆರೆ ಎಳೆದ. ಮಾರನೇ ದಿನ ಬಲದಿಂದ ತುಂಬುತ್ತ ಬಂದ. 'ನೀತಿವಂತರು' ಮುಗಿಯುವ ಹೊತ್ತಿಗೆ ಒಂದು ಶವಪೆಟ್ಟಿಗೆ ಬಂತು. ಬಾವಿಗೆ ಬಿದ್ದು ಸತ್ತ ಹುಡುಗಿ, ತಾನೇ ಬಿದ್ದವಳು. ಹಾಗಾಗಿ ಗಂಟೆ ಹೊಡೆಯಲಿಲ್ಲ, ಜನವೂ ಇಲ್ಲ. ಪೆಟ್ಟಿಗೆ ಹೋಗಲೆಂದು ಎಡಚ ಏಣಿ ಸರಿಸಿಕೊಂಡು ನಿಂತ. ಹಿಂದೆ ಬರುತ್ತಿದ್ದ ತಾಯಿ ಕಮಾನಿನ ಕೆಳಗೆ ನಿಂತುಬಿಟ್ಟಳು. ಅವಳಿಗೆ ಓದು ಬರದು.

"ಏನಪ್ಪಾ ಬರೀತಿದ್ದೀಯ? ಸ್ವಲ್ಪ ಓದಿ ಹೇಳು."

ಎಡಚ ಕಮಾನು ನೋಡಿದ, ಅವಳ ಮುಖ ನೋಡಿದ. ಬಣ್ಣ ತುಂಬಿದ್ದಷ್ಟನ್ನು ಓದಿದ. "ನೀತಿವಂತರು ನಿತ್ಯ ಜೀವಕ್ಕೆ ಹೋಗುವರು."

"ಅಷ್ಟೇನಾ?"

"ಅಷ್ಟೇ, ತಾಯಿ."

ಅವಳು ತಲೆಯಾಡಿಸಿ ಒಳಗೆ ಹೋದಳು. ಎಡಚ ಕುಂಚ ತೊಳೆದು ಮನೆಗೆ ಬಂದ. "ಇನ್ನು ಆ ಎಡಗಡೇದನ್ನ ನಾನು ತುಂಬಲ್ಲ ಕಣೇ. ಅಷ್ಟೇ ಅಂತ ಹೇಳಿಬಿಟ್ಟಿದ್ದೀನಿ" ಎಂದ. ಟೈಲರಮ್ಮನಿಗೆ ಆಗಿನ್ನೂ ಸಣ್ಣ ವಯಸ್ಸು, ಮಡಿಲಲ್ಲಿ ಮಗಳು. ಒಳಗೊಳಗೇ ಗಂಡನ ಮೇಲೆ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಹೆದರಿಕೆಯೂ ಬಂತು.

ಹೆದರಿದ್ದು ಸುಳ್ಳಾಗಲಿಲ್ಲ. ಪಾದ್ರಿ ಕರೆಸಿ ಕೇಳಿದರು. "ದೇವರ ವಾಕ್ಯ ಅದು. ತುಂಬು."

"ದೇವರದೇ ಇರಬಹುದು ಅಯ್ನೋರೇ. ಕೈ ನಂದಲ್ವಾ?"

ಪಾದ್ರಿಗೆ ಮೈಯೆಲ್ಲ ಉರಿದುಹೋಯಿತು. ಬೈಬಲಿನ ಕೊನೆಯ ಪುಟ ತೆಗೆದು ಎಲ್ಲರ ಮುಂದೆ ಓದಿದರು: ಈ ಪುಸ್ತಕದ ಮಾತುಗಳಿಂದ ಯಾರಾದರೂ ಕಳೆದರೆ, ದೇವರು ಜೀವವೃಕ್ಷದಲ್ಲಿ ಅವನ ಪಾಲನ್ನು ಕಳೆಯುವನು. "ನೀನು ಕಳೆದಿದ್ದೀಯ. ನಿನ್ನ ಪಾಲು ಹೋಯಿತು" ಎಂದರು. ಅಂದಿನಿಂದ ಎಡಚನಿಗೆ ಚರ್ಚಿನಲ್ಲಿ ಜಾಗವಿಲ್ಲ. ಬೇರೆ ಪೇಂಟರನ್ನು ಕರೆಸೋಣವೆಂದರೆ ಇನ್ನೊಬ್ಬ ಬರೆದ ಗೆರೆಯ ಮೇಲೆ ಯಾವ ಪೇಂಟರೂ ಕೈ ಇಡಲಿಲ್ಲ. ಅವರವರಲ್ಲೇ ಹಾಗೊಂದು ನೇಮವಿತ್ತು. ಪಾದ್ರಿಗೆ ವರ್ಗವಾಯಿತು. ಆಮೇಲೆ ಬಂದವರಿಗೆ ಬೇರೆ ತಲೆನೋವುಗಳಿದ್ದವು. ಬಲಗಡೆ ಬಣ್ಣ, ಎಡಗಡೆ ಬರೀ ಗೆರೆ. ಕಮಾನು ಹಾಗೆಯೇ ಉಳಿಯಿತು.

ಟೈಲರಮ್ಮ ಮಾತ್ರ ಆ ಕಮಾನಿನ ಕೆಳಗೆ ಮತ್ತೆಂದೂ ತಲೆ ಎತ್ತಿ ನಡೆಯಲಿಲ್ಲ. ಕೊನೆಯ ಪುಟಕ್ಕೆ ಕೆಂಪು ನೂಲಿನ ಮೊದಲ ಎಳೆ ಬಿದ್ದದ್ದು ಆ ವಾರವೇ.

ಆದರೆ ಆ ಭಾನುವಾರಗಳು! ಈಗ ನೆನೆಸಿಕೊಂಡರೆ ಅವಳಿಗೆ ನಗು ಮೊದಲು ಬರುತ್ತದೋ ಅಳು ಮೊದಲೋ ಹೇಳಲಾಗದು. ಚರ್ಚಿನಿಂದ ಹೊರಹಾಕಿಸಿಕೊಂಡ ಮನುಷ್ಯ ಒಂದು ಭಾನುವಾರವೂ ತಪ್ಪಿಸಿದವನಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿಯನ್ನು ಗೇಟಿನವರೆಗೆ ಬಿಡುತ್ತಿದ್ದ. ಆಮೇಲೆ ಎದುರಿನ ಮೋರಿಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಬರುವ ಪಾದ್ರಿಯ ಪ್ರಸಂಗ ಪೂರ್ತಿ ಕೇಳುತ್ತಿದ್ದ. ಹಾಡು ಶುರುವಾದರೆ ಕಟ್ಟೆಯಿಂದಲೇ ಸೇರಿಸುತ್ತಿದ್ದ, ಅದೂ ಒಂದು ಸಾಲು ಹಿಂದೆ ಬಿದ್ದು. ಒಳಗಿದ್ದವರು ನಗು ತಡೆದುಕೊಳ್ಳುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ತಕರಾರು: "ಪಾದ್ರಿ ಇವತ್ತು ಒಂದೇ ಮಾತನ್ನ ಎಷ್ಟ್ ಸಲ ಹೇಳಿದ್ರು? ನಾನಾಗಿದ್ರೆ ಅರ್ಧ ಬೋರ್ಡಲ್ಲಿ ಮುಗಿಸ್ತಿದ್ದೆ."

"ಅರ್ಧ ಬೋರ್ಡಲ್ಲಿ ಮುಗಿಸಿದ್ದಕ್ಕೇ ತಾನೇ ಮೋರಿಕಟ್ಟೆ ಮೇಲೆ ಕೂತಿರೋದು?" ಎಂದು ಅವಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಊಟಕ್ಕೆ ಕೂರುವ ಮೊದಲೇ ಮುಗಿಯುತ್ತಿತ್ತು.

ಇನ್ನೊಂದು ಜಗಳವಿತ್ತು, ಚಾಕ್‌ಪೀಸಿನದು. ಮುಂಗೋಣೆಯ ಕಿಟಕಿಗೆ ಅಂಟಿಕೊಂಡಂತೆ ಅವಳ ಹೊಲಿಗೆ ಮಿಷನ್ನು; ಪಕ್ಕದ ಮೇಜಿನ ಮೇಲೆ ಕತ್ತರಿ, ಅಳತೆ ಟೇಪು, ಸೂಜಿ ಚುಚ್ಚಿಟ್ಟ ಬಟ್ಟೆಯುಂಡೆ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ನೀಲಿ ಚಾಕ್‌ಪೀಸು. ಕಣ್ಣುಮುಚ್ಚಿ ಕೈ ಚಾಚಿದರೂ ಬೇಕಾದದ್ದೇ ಸಿಗಬೇಕು. ಆದರೆ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಹೊಸ ಚಾಕ್‌ಪೀಸು ಮಾಯ. ಮಗಳ ಬೆನ್ನಿಗೆ ಗುದ್ದು ಬಿತ್ತು. ಗಿರಾಕಿಗಳ ಮಕ್ಕಳ ಜೇಬು ತಡಕಿದ್ದಾಯಿತು. "ಇಲಿ ತಿಂದಿರುತ್ತೆ ಬಿಡೇ" ಎನ್ನುತ್ತಿದ್ದ ಗಂಡ.

"ಚಾಕ್‌ಪೀಸ್ ತಿನ್ನೋ ಇಲಿ ಯಾವುದ್ರೀ?"

"ನಿಮ್ಮ ತವರಿಂದ ಬಂದಿದ್ದಿರಬೇಕು."

ಹೀಗೆ ಹತ್ತಿರ ಹತ್ತಿರ ನಲವತ್ತು ವರ್ಷ ಕಳೆಯಿತು. ಮಗಳು ಮದುವೆಯಾಗಿ ಪಕ್ಕದ ಬೀದಿಗೆ ಹೋದಳು. ಅಂಗಡಿಗಳಿಗೆ ಅಚ್ಚು ಹಾಕಿದ ಬೋರ್ಡುಗಳು ಬಂದವು, ಎಡಚನಿಗೆ ಕೆಲಸ ಕಡಿಮೆಯಾಯಿತು. ಟೈಲರಮ್ಮನ ಬೈಬಲಿಗೆ ಮಾತ್ರ ಬಾಲ ಬೆಳೆಯುತ್ತಲೇ ಹೋಯಿತು. ಹೊರಗಿನಿಂದ ಯಾವ ಬೋಧಕರು ಬಂದರೂ ಅವಳು ಬಿಡುತ್ತಿರಲಿಲ್ಲ. ಊಟ ಬಡಿಸಿ, ಕೈ ತೊಳೆಯಲು ನೀರು ಕೊಟ್ಟು, ಪುಸ್ತಕ ಹಿಡಿದು ಕೂರುತ್ತಿದ್ದಳು. ಒಬ್ಬರು ಆರದ ಬೆಂಕಿಯನ್ನೂ ಸಾಯದ ಹುಳುವನ್ನೂ ತೋರಿಸಿ, ನಿತ್ಯವೆಂದರೆ ನಿತ್ಯವೇ, ಮುಗಿಯುವುದಿಲ್ಲ ಎಂದರು. ಇನ್ನೊಬ್ಬರು ಸತ್ತವರಿಗೆ ಏನೂ ತಿಳಿಯದು ಎಂಬ ಮಾತು ತೆಗೆದು, ಬೆಂಕಿ ಆರದಿದ್ದರೂ ಹಾಕಿದ ಸೌದೆ ಬೂದಿಯಾಗುತ್ತದಲ್ಲ, ಅಲ್ಲಿಗೆ ಮುಗಿಯಿತು ಎಂದರು. ಮೂರನೆಯವರು, ಕೊನೆಯ ಕಾಸು ತೀರಿಸುವ ತನಕ ಸೆರೆ ಎಂದಿದೆ, ಹಾಗಾದರೆ ತೀರಿಸಿದ ಮೇಲೆ ಬಿಡುಗಡೆಯಿದೆ, ಬೆಂಕಿಯಲ್ಲಿ ಹಾಯ್ದು ಬಂದರೂ ಮನುಷ್ಯ ಉಳಿಯುತ್ತಾನೆ ಎಂದು ಆ ಪುಟವನ್ನೂ ತೆಗೆದುಕೊಟ್ಟರು.

"ಮೂರು ಜನಾನೂ ಇದೇ ಪುಸ್ತಕದಿಂದಾನೇ ಓದಿದ್ರು. ಒಂದೇ ಅಂಗಿಗೆ ಮೂರು ಅಳತೆ ತೋಳು ಕೊಟ್ಟ ಹಾಗಾಯ್ತು. ಎಲ್ಲಿ ಅಂತ ಸೇರಿಸಿ ಹೊಲೀಲಿ?" ಎಂದು ಅವಳು ಮಗಳ ಮುಂದೆ ಗೋಳಾಡಿದಳು.

"ನಿಂಗೆ ಹಿಡಿಸಿದ್ದನ್ನ ಇಟ್ಕೋ, ಉಳಿದದ್ದು ಬಿಡಮ್ಮ."

"ಬಟ್ಟೆ ಹೊಂದಲಿಲ್ಲ ಅಂತ ಕತ್ತರಿಸಿ ಬಿಸಾಕಕ್ಕೆ ನಾನ್ಯಾರೇ? ಹಾಗೆ ಬಿಟ್ಟಿದ್ದಕ್ಕೇ ತಾನೇ ನಿಮ್ಮಪ್ಪನಿಗೆ ಈ ಗತಿ?" ಎಂದು ರೇಗಿದಳು.

ಕಳೆದ ವರ್ಷ ಮಳೆಗಾಲ ಮುಗಿಯಿತು ಅಂದುಕೊಂಡ ಮೇಲೂ ಒಂದು ಭಾನುವಾರ ಮಳೆ ಸುರಿಯಿತು. ಪ್ರಾರ್ಥನೆ ಮುಗಿಸಿ ಹೊರಬಂದರೆ ಎಡಚ ಮೋರಿಕಟ್ಟೆಯ ಮೇಲೆ ತೊಪ್ಪೆಯಾಗಿ ಕೂತಿದ್ದ. "ಪಕ್ಕದ ಅಂಗಡಿ ಮುಂದೆ ನಿಂತ್ಕೊಳಕ್ಕೆ ಏನಾಗಿತ್ತು? ವಯಸ್ಸಾದ್ರೂ ಬುದ್ಧಿ ಬೇಡ್ವಾ?" ಎಂದು ಬೈದಳು. ಅವನು ಒದ್ದೆ ಅಂಗಿ ಹಿಂಡಿಕೊಂಡು ಮನೆ ಕಡೆ ನಡೆದ. ರಾತ್ರಿಗೆ ಚಳಿಜ್ವರ, ವಾರ ಕಳೆಯುವಷ್ಟರಲ್ಲಿ ಉಸಿರು ಮೇಲೆ ಕೆಳಗೆ. ಚರ್ಚಿಗೆ ಹೊಸದಾಗಿ ಬಂದಿದ್ದ ಎಳೆ ವಯಸ್ಸಿನ ಪಾದ್ರಿ ತಾವಾಗಿಯೇ ಬಂದು ಹಾಸಿಗೆಯ ಪಕ್ಕ ಕೂತರು. "ಏನಾದ್ರೂ ಹೇಳಬೇಕಾ ಯಜಮಾನ್ರೇ?" ಎಂದು ಕೇಳಿದರು. ಟೈಲರಮ್ಮ ಜೀವ ಬಿಗಿಹಿಡಿದು ನಿಂತಳು. ತಪ್ಪಾಯಿತು ಎನ್ನಲಿ, ಒಂದೇ ಒಂದು ಮಾತು ಎನ್ನಲಿ.

ಎಡಚ ಕಣ್ಣು ಬಿಟ್ಟ. "ಏಣಿ... ಏಣಿ ವಾಪಸ್ ಕೊಟ್ಟಿಲ್ಲ" ಎಂದ. ಅದೇ ಕೊನೆಯ ಮಾತು.

ಏಣಿಯಂತೆ! ದೇವರ ಹೆಸರಿಲ್ಲ, ಹೆಂಡತಿಯ ಹೆಸರಿಲ್ಲ. ಮನೆಯ ಏಣಿ ಹಿತ್ತಿಲಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು. ಜ್ವರದ ತಲೆ, ಏನೋ ಬಡಬಡಿಸಿತು ಎಂದು ಎಲ್ಲರೂ ಸಮಾಧಾನ ಹೇಳಿದರು. ಅವಳಿಗೆ ಸಮಾಧಾನವಾಗಲಿಲ್ಲ. ಅವನನ್ನು ಅದೇ ಕಮಾನಿನ ಕೆಳಗೆ ಹೊತ್ತುಕೊಂಡು ಹೋದರು, ಗಂಟೆಯನ್ನೂ ಹೊಡೆದರು. ಅವಳು ಆಗಲೂ ತಲೆ ಎತ್ತಲಿಲ್ಲ.

ಆಮೇಲೆ ಪ್ರತಿ ವಾರ ಆ ಪಾದ್ರಿ ಅವಳ ಮುಂಗೋಣೆಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರತೊಡಗಿದರು. ಅವಳು ಕೆಂಪು ನೂಲು ಹಿಡಿದು ಎಳೆದರೆ ಅವರು ಆ ಪುಟ ಓದುವರು. ಬಿಳಿ ನೂಲು ಎಳೆದರೆ ಅದನ್ನೂ ಓದುವರು. ಒಂದು ದಿನ ಅವಳು ನೇರವಾಗಿ ಕೇಳಿದಳು. "ನಮ್ಮೋರು ಎಲ್ಲಿದ್ದಾರೆ ಅಯ್ನೋರೇ?"

"ನಂಗೆ ಗೊತ್ತಿಲ್ಲಮ್ಮ. ಬೆಂಕಿ ಮಾತನ್ನ ಎಲ್ಲರಿಗಿಂತ ಹೆಚ್ಚು ಆಡಿದೋನು ಯೇಸುವೇ. ಗೆಳೆಯ ಸತ್ತಾಗ ಸಮಾಧಿ ಹತ್ರ ನಿಂತು ಅತ್ತೋನೂ ಅವನೇ. ಎರಡನ್ನೂ ಸೇರಿಸಿ ಹೇಳೋಕೆ ನಂಗೆ ಬರಲ್ಲ, ಒಂದನ್ನ ಬಿಡೋಕೂ ಆಗಲ್ಲ."

ಗೊತ್ತಿಲ್ಲ ಎಂದವರು ಅವರೊಬ್ಬರೇ. ಟೈಲರಮ್ಮನಿಗೆ ಅವರ ಮೇಲೆ ಮಗನ ಮೇಲಿನ ಹಾಗೆ ಮಮತೆ ಬೆಳೆಯಿತು.

ಅದೇ ಪಾದ್ರಿ ಈ ವರ್ಷ ಮಳೆಗಾಲಕ್ಕೆ ಮೊದಲೇ ಒಂದು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದರು. ಚರ್ಚು ಕಟ್ಟಿ ನೂರು ವರ್ಷವಾಗುತ್ತಿದೆ, ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ, ಕಮಿಟಿಯವರಿಗೆ ವಾಕ್ಯ ಪೂರ್ತಿಯಾಗಬೇಕಂತೆ. "ನಿಮ್ಮನ್ನ ಕೇಳದೆ ಮಾಡಬಾರದು ಅಂತ ಹಟ ಹಿಡಿದೆ. ನೀವು ಬೇಡ ಅಂದ್ರೆ ಬೇಡ."

ಬೇಡ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಬಾವಿಗೆ ಬಿದ್ದ ಹುಡುಗಿಯ ತಾಯಿಗೆ ಗಂಡ ಕೊಟ್ಟ ಮಾತಲ್ಲವೇ ಅದು? ಆ ತಾಯಿಯೂ ಈಗ ಮಗಳ ಪಕ್ಕದಲ್ಲೇ ಮಲಗಿದ್ದಾಳೆ. ಆದರೆ ಇನ್ನೊಂದು ಯೋಚನೆ ಟೈಲರಮ್ಮನ ಕತ್ತು ಹಿಡಿಯಿತು. ಕಳೆದವನ ಪಾಲು ಕಳೆಯುವೆನೆಂದು ಬರೆದಿದೆ. ಕಳೆದದ್ದನ್ನು ಈಗ ಸೇರಿಸಿಬಿಟ್ಟರೆ? ಹೋದ ಪಾಲು ತಿರುಗಿ ಸಿಕ್ಕೀತೇನೋ. ಅತ್ತ ದರಿ, ಇತ್ತ ಪುಲಿ. ಮಿಷನ್ನಿನ ಚಕ್ರವನ್ನು ಒಂದು ಸುತ್ತು ಮುಂದಕ್ಕೆ, ಒಂದು ಸುತ್ತು ಹಿಂದಕ್ಕೆ ತಿರುಗಿಸಿದಳು.

"ತುಂಬಿಸಿಬಿಡಿ ಅಯ್ನೋರೇ" ಎಂದಳು. "ಅವರ ಮಾತು ಕೆಟ್ಟರೂ ಕೆಡಲಿ, ಅವರು ಉಳೀಲಿ." ಹೇಳಿ ಮುಗಿಸಿದ್ದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕೆಲಸದ ದಿನ ಮನೆಯಲ್ಲಿ ಕೂರಲಾಗಲಿಲ್ಲ. ಸೊಂಟದ ಚೀಲದಲ್ಲಿ ಟೇಪು, ಚಾಕ್‌ಪೀಸು ಹಾಗೆಯೇ ಇದ್ದಂತೆ ಎದ್ದು ಗೇಟಿಗೆ ಹೋದಳು. ಹೊಸ ಪೇಂಟರ್ ದಪ್ಪಗೆ, ಮಾತಿನ ಮಲ್ಲ. ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿಕೊಂಡು ಅದರ ಮೇಲೆ ನಿಂತಿದ್ದ. ಪಾದ್ರಿಯೂ ಇದ್ದರು. ಸ್ಮಶಾನದ ಕಾವಲುಗಾರ ತನ್ನ ಏಣಿಯನ್ನು ಹಲಗೆಗೆ ಆನಿಸಿ ಹಿಡಿದಿದ್ದ.

"ಅಮ್ಮಾ, ಈ ಗೆರೆ ಯಾರು ಹಾಕಿದ್ದು?" ಎಂದ ಪೇಂಟರ್.

"ನಮ್ಮೋರು. ನನ್ನ ಮಗಳು ಕೈಗೂಸಾಗಿದ್ದಾಗ."

"ಚೆನ್ನಾಗ್ ಹೇಳಿದ್ರಿ! ಚಾಕ್‌ಪೀಸ್ ಗೆರೆ ಕಣಮ್ಮ ಇದು. ಒಂದು ಮಳೆಗಾಲ ಕಳೆದ್ರೆ ಮಾಸುತ್ತೆ, ಎರಡನೇದಕ್ಕೆ ಗುರುತೂ ಇರಲ್ಲ. ಇಲ್ನೋಡಿ, 'ದಂಡನೆಗೆ' ಅನ್ನೋದು ಇನ್ನೂ ಎದ್ದು ಕಾಣ್ತಿದೆ. ಅದರ ಈಚೆ 'ನಿತ್ಯ' ಅರ್ಧಂಬರ್ಧ. 'ಅವರು' ಅನ್ನೋದು ಪೂರ್ತಿ ಮಾಸಿಹೋಗಿದೆ. ಯಾರೋ ಮೊನ್ನೆ ಮೊನ್ನೆ ಬಲಗಡೆಯಿಂದ ತಿದ್ದುತ್ತಾ ಬಂದು ಅರ್ಧಕ್ಕೇ ಇಳಿದುಹೋಗಿದ್ದಾರೆ." ಅವನು ಬೆರಳಿನಿಂದ ಉಜ್ಜಿ ನೋಡಿಕೊಂಡ. "ಅದೂ ನೀಲಿ! ಟೈಲರುಗಳು ಬಳಸೋ ಚಾಕ್‌ಪೀಸು."

ಟೈಲರಮ್ಮ ತಲೆ ಎತ್ತಿದಳು. ಅಷ್ಟು ವರ್ಷಗಳ ಮೇಲೆ ಮೊದಲ ಸಲ.

ಚಾಕ್‌ಪೀಸಿನ ಗೆರೆ ಎಷ್ಟು ದಿನ ನಿಲ್ಲುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಸಲ ಕೊಡವಿದರೆ ಹೋಗುತ್ತದೆ. ಅಯ್ಯೋ ನನ್ನ ಕಣ್ಣೇ, ಒಂದೇ ಒಂದು ಸಲ ಮೇಲೆ ನೋಡಿದ್ದರೆ!

ಕಾವಲುಗಾರ ಏಣಿ ಹಿಡಿದಲ್ಲೇ ಕೆಮ್ಮಿದ. "ಹೇಳಬೇಡ ಅಂದಿದ್ರಮ್ಮ ಅವರು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದ್ ಸಲ, ನೀವೆಲ್ಲ ಒಳಗೆ ಹಾಡ್ತಿರುವಾಗ, ನನ್ನ ಏಣಿ ಕೇಳ್ತಿದ್ರು. ತುಂಬಕ್ಕಾಗಲ್ಲ ಕಣಯ್ಯ, ಅಳಿಸಕ್ಕೂ ಆಗಲ್ಲ, ಅದೇನು ನನ್ನ ಮಾತಾ ಅಳಿಸಕ್ಕೆ, ಅಂತಿದ್ರು. ಕೊನೇ ಸಲ ತಿದ್ದೋವಾಗ ಮಳೆ ಹೊಡೀತು. ಏಣಿನ ಇಲ್ಲೇ ಗೋಡೆಗೆ ಬಿಟ್ಟು ಹೋಗಿದ್ರು. ಯಾವತ್ತೂ ವಾಪಸ್ ಕೊಡದೆ ಹೋದೋರಲ್ಲ, ಯಾಕೋ ಅಂದ್ಕೊಂಡೆ."

ಟೈಲರಮ್ಮ ಮೋರಿಕಟ್ಟೆಗೆ ಹೋಗಿ ಗಂಡ ಕೂರುತ್ತಿದ್ದ ಜಾಗದಲ್ಲೇ ಕೂತಳು. "ಕಳ್ಳ! ಇಲಿ ತಿಂತಂತೆ, ಇಲಿ! ಮಗಳಿಗೆ ಸುಮ್ಮಸುಮ್ಮನೆ ಹೊಡೆದೆನಲ್ರೀ" ಎಂದು ಬೈಯುತ್ತ ನಕ್ಕಳು. ನಗುತ್ತಲೇ ಅಳು ಒತ್ತಿಕೊಂಡು ಬಂತು. ಪಾದ್ರಿ ಪಕ್ಕದಲ್ಲಿ ಬಂದು ಕೂತರು.

"ಕಳೆದಿರಲಿಲ್ಲ ಅಯ್ನೋರೇ, ಕಳೆದಿರಲಿಲ್ಲ. ಒಂದು ಅಕ್ಷರಾನೂ ಅಳಿಸಿಹೋಗೋಕೆ ಬಿಡದೆ ಕಾದುಕೊಂಡಿದ್ರು. ಯಾರ ತಲೆ ಮೇಲೂ ಅದನ್ನ ತುಂಬಲಿಲ್ಲ, ಅಷ್ಟೇ. ಗೆರೆ ದೇವರದು. ಅದರೊಳಗೆ ಯಾರು ಬೀಳ್ತಾರೆ, ಎಷ್ಟು ದಿನ, ಹೇಗೆ ಅಂತ ತುಂಬೋ ಕೈ ಬೇರೆ ಇದೆ. ನಮ್ಮದಲ್ಲ." ಕಣ್ಣು ಒರೆಸಿಕೊಂಡಳು. "ಎಲ್ಲಿದ್ದಾರೋ ನಂಗೆ ಈಗಲೂ ಗೊತ್ತಿಲ್ಲ. ಆದ್ರೆ ಆ ಕೈ ನಮ್ಮೋರ ಈ ಕೆಲಸಾನೂ ನೋಡಿರುತ್ತೆ. ಇನ್ನು ನಂಗೆ ಭಯ ಇಲ್ಲ."

"ಏನ್ ಮಾಡೋಣಮ್ಮ?"

"ತುಂಬೋದು ಬೇಡ. ಅಳಿಸೋದೂ ಬೇಡ."

"ಕಮಿಟಿಗೆ ನಾನು ಹೇಳ್ತೀನಿ" ಎಂದರು ಪಾದ್ರಿ.

ಆಮೇಲೆ ಅವಳು ಮಾಡಿದ್ದನ್ನು ನೋಡಿದವರು ಈಗಲೂ ಹೇಳಿಕೊಂಡು ನಗುತ್ತಾರೆ. ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿಬಿಟ್ಟಳು. "ಅಮ್ಮಾ, ಬಿದ್ದೀರ!" ಎಂದು ಪಾದ್ರಿ ಕೂಗಿದರೂ ಕೇಳಲಿಲ್ಲ. ಪೇಂಟರ್ ಕೈ ಕೊಟ್ಟು ಹಲಗೆಯ ಮೇಲೆ ನಿಲ್ಲಿಸಿದ. ಸೊಂಟದ ಚೀಲದಿಂದ ನೀಲಿ ಚಾಕ್‌ಪೀಸು ತೆಗೆದಳು. ಗಂಡನ ಕೈ ನಿಂತಿದ್ದ ಜಾಗ ಯಾವುದೆಂದು ಬೆರಳಿಟ್ಟು ಹುಡುಕಿದಳು. ಅಲ್ಲಿಂದ ಶುರು ಮಾಡಿ, ಅವನ ಹಾಗೆಯೇ ಬಲದಿಂದ ಹಿಂದಕ್ಕೆ, 'ನಿತ್ಯ'ದ ಉಳಿದರ್ಧ ತಿದ್ದಿದಳು. 'ಅವರು' ಎಂಬುದು ಪೂರ್ತಿ ಮಾಸಿಹೋಗಿತ್ತು. ಗಂಡ ವರ್ಷ ವರ್ಷ ತಿದ್ದಿ ತಿದ್ದಿ ಸುಣ್ಣದ ಮೇಲೆ ಉಳಿದಿದ್ದ ತಗ್ಗನ್ನು ಹಿಡಿದು ಅದನ್ನೂ ಬರೆದಳು. ಬಟ್ಟೆಯ ಮೇಲೆ ಒಂದೇ ಎಳೆತಕ್ಕೆ ಗೆರೆ ಹಾಕುವ ಕೈ ಅದು. ಅಕ್ಷರಗಳ ಒಳಗನ್ನು ಖಾಲಿ ಬಿಟ್ಟಳು.

ಕೆಳಗಿಳಿದು ಕೈ ಕೊಡವಿಕೊಂಡಳು. ಏಣಿಯನ್ನು ತಾನೇ ಎತ್ತಲು ಹೋದಳು, ಭಾರವಾಯಿತು. ಕಾವಲುಗಾರ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಹೊತ್ತು ಅವನ ಕೋಣೆಯ ಗೋಡೆಗೆ ಒರಗಿಸಿದರು. ಗೋಡೆಯ ಪಕ್ಕದಲ್ಲೇ ಎಡಚನ ಸಮಾಧಿ. ಅದರ ಮೇಲೆ ಬಿದ್ದಿದ್ದ ಎಲೆಗಳನ್ನು ಬಾಗಿ ತೆಗೆಯುತ್ತ ಅವಳು, ಒಳಮನೆಯಲ್ಲಿರುವವನಿಗೆ ಹೇಳುವಂತೆ, ಗಟ್ಟಿಯಾಗಿಯೇ ಹೇಳಿದಳು.

"ಏಣಿ ವಾಪಸ್ ಕೊಟ್ಟಾಯ್ತು ರೀ. ಮಲಕ್ಕೊಳ್ಳಿ."